ನಕ್ಷತ್ರಕ್ಕೆ ದಾರಿ, ವಯಾ ದೇವಿಮನೆ ಘಟ್ಟ

ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ದೂರ 4.24 ಜ್ಯೋತಿರ್ವರ್ಷ, ಅಂದರೆ ಸುಮಾರು 40 ಲಕ್ಷ ಕೋಟಿ ಕಿಲೋಮೀಟರ್. ಅಲ್ಲಿಗೆ ಹೊರಡಲು ಮನುಷ್ಯಕುಲ ಇನ್ನೂ ಸಿದ್ಧವಾಗಿಲ್ಲವಂತೆ. ಮನುಷ್ಯಕುಲದ ಮಾತು ಬಿಡಿ, ಉತ್ತರ ಕನ್ನಡ ಜಿಲ್ಲೆ ಸಿದ್ಧವಾಗಿ ಎಷ್ಟೋ ವರ್ಷವಾಯಿತು.

ಮೊದಲು ಬೇಕಾದದ್ದು ತಾಳ್ಮೆ. 1977ರಲ್ಲಿ ಹಾರಿದ ನಾಸಾದ ನೌಕೆ ವಾಯೇಜರ್-1 ಸೆಕೆಂಡಿಗೆ 17 ಕಿ.ಮೀ. ಓಡುತ್ತಿದೆ. ಅದೇ ವೇಗದಲ್ಲಿ ಪ್ರಾಕ್ಸಿಮಾಕ್ಕೆ ಹೋದರೆ 75 ಸಾವಿರ ವರ್ಷ. (ವಾಯೇಜರ್ ಹೊರಟದ್ದು ಆ ದಿಕ್ಕಿಗಲ್ಲ, ಅದು ಬೇರೆ ಮಾತು.) ಇದನ್ನು ಕೇಳಿ ಬೆಂಗಳೂರಿನವರು ಹೌಹಾರಬಹುದು. ಇಲ್ಲಿ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಮಂಜೂರಾದದ್ದು 1997-98ರಲ್ಲಿ, ಉದ್ದ 164 ಕಿ.ಮೀ. ಅಂದಿನಿಂದ ಈಚೆಗೆ ವಾಯೇಜರ್ 1,400 ಕೋಟಿ ಕಿ.ಮೀ.ಗೂ ಹೆಚ್ಚು ಓಡಿದೆ. ಕಾಡು ಉಳಿಸಿ ಎಂದವರಿಗೂ ರೈಲು ಬಿಡಿ ಎಂದವರಿಗೂ ತಲೆ ನರೆಯಿತು, ಸಮೀಕ್ಷೆಗೆ ಮಾತ್ರ ಹರೆಯ ಇಳಿದಿಲ್ಲ. ಇದನ್ನು ವಿಳಂಬ ಎನ್ನುವವರಿಗೆ ವಿಜ್ಞಾನ ಗೊತ್ತಿಲ್ಲ. ಇವತ್ತು ನಿಧಾನದ ನೌಕೆ ಹತ್ತಿದವನನ್ನು ಇನ್ನೂರು ವರ್ಷ ಬಿಟ್ಟು ವೇಗದ ನೌಕೆ ಹತ್ತಿದವನು ದಾರಿಯಲ್ಲೇ ಹಿಂದೆ ಹಾಕುತ್ತಾನೆ, ಹಾಗಾಗಿ ಸದ್ಯಕ್ಕೆ ಹೊರಡದೆ ಕೂರುವುದೇ ಬೇಗ ಮುಟ್ಟುವ ಉಪಾಯ ಎಂದು ಅಂತರತಾರಾ ಪ್ರಯಾಣದ ಲೆಕ್ಕ ಹಾಕಿದವರೇ ಹೇಳಿದ್ದಾರೆ. ತಾಳಿದವನು ಬಾಳಿಯಾನು ಎಂಬುದು ರೈಲ್ವೆಗೆ ಮೊದಲೇ ಹೊಳೆದಿತ್ತು.

ಇನ್ನು ಇಂಧನ. ಈಗಿನ ರಾಕೆಟ್ಟಿನ ಬಾಲದಿಂದ ಅನಿಲ ಚಿಮ್ಮುವ ವೇಗ ಸೆಕೆಂಡಿಗೆ ನಾಲ್ಕೂವರೆ ಕಿ.ಮೀ. ಇದ್ದರೆ ಹೆಚ್ಚು. ಬೆಳಕಿನ ಹತ್ತನೇ ಒಂದು ಪಾಲು ವೇಗ, ಅಂದರೆ ಸೆಕೆಂಡಿಗೆ 30 ಸಾವಿರ ಕಿ.ಮೀ. ಬೇಕೆಂದರೆ, ನೌಕೆಯ ತೂಕಕ್ಕೆ ಎಷ್ಟು ಪಟ್ಟು ಇಂಧನ ತುಂಬಬೇಕೆಂದು ಬರೆಯಲು ಒಂದರ ಮುಂದೆ ಎರಡು ಸಾವಿರದ ಎಂಟುನೂರಕ್ಕೂ ಹೆಚ್ಚು ಸೊನ್ನೆ ಹಾಕಬೇಕು. ಕಾಣುವ ವಿಶ್ವದ ಪರಮಾಣುಗಳೆಲ್ಲ ಎಂಬತ್ತು ಸೊನ್ನೆಯ ಆಸುಪಾಸಿಗೆ ಮುಗಿದುಹೋಗುತ್ತವೆ. ಉಳಿದದ್ದು ಕೈಗಾ ಅಣುಸ್ಥಾವರ. ಅಲ್ಲಿರುವುದು 220 ಮೆಗಾವಾಟಿನ ನಾಲ್ಕು ಘಟಕ. ಸಾವಿರ ಟನ್ನಿನ ನೌಕೆಗೆ ಆ ವೇಗ ಕೊಡಲು, ಒಂದು ಚೂರೂ ಪೋಲಾಗದಿದ್ದರೂ, ನಾಲ್ಕೂ ಸೇರಿ 16 ಸಾವಿರ ವರ್ಷ ಓಡಬೇಕು. ಮುಟ್ಟಿದ ಮೇಲೆ ಬ್ರೇಕ್ ಹಾಕಬೇಕಲ್ಲ, ಅದಕ್ಕೆ ಇನ್ನೊಂದು 16 ಸಾವಿರ. ಒಂದನೇ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತ್ತು. ಉಳಿದದ್ದು ಅಲ್ಪಸ್ವಲ್ಪ. ಅಷ್ಟರವರೆಗೆ ಘಟ್ಟದ ಮೇಲಿನ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಕರೆಂಟ್ ಹೋದರೆ ಯಾರೂ ಕೇಳಬಾರದು. ಈಗಲೂ ಹೋಗುತ್ತದೆ, ಅದನ್ನು ಪೂರ್ವಸಿದ್ಧತೆಯ ಲೆಕ್ಕಕ್ಕೆ ಹಿಡಿಯಿರಿ.

ಆ ವೇಗದಲ್ಲಿ ಧೂಳೂ ಗುಂಡೇ. ಒಂದು ಗ್ರಾಂ ಧೂಳು ಬಡಿದರೆ ಹೊಮ್ಮುವ ಶಕ್ತಿ 1.25 ಲಕ್ಷ ಯೂನಿಟ್ ವಿದ್ಯುತ್ತಿಗೆ ಸಮ, ಕೈಗಾದ ನಾಲ್ಕೂ ಘಟಕಗಳ ಎಂಟೂವರೆ ನಿಮಿಷದ ದುಡಿಮೆ. ಕಂಡಮೇಲೆ ತಪ್ಪಿಸುವ ಪ್ರಶ್ನೆಯಿಲ್ಲ. ಮುಂದೆ ದಪ್ಪ ಕವಚ ಕಟ್ಟಿ, ನೌಕೆಯನ್ನು ಪೆನ್ಸಿಲಿನಂತೆ ಸಪೂರ ಮಾಡಿ, ದೇವರ ಮೇಲೆ ಭಾರ ಹಾಕಬೇಕು. ಚಾಲಕರನ್ನು ಶಿರಸಿ–ಕುಮಟಾ ದಾರಿಯಲ್ಲೇ ಆರಿಸುವುದು ಒಳ್ಳೆಯದು. ಹೊಂಡ ಕಂಡು ತಿರುಗಿಸುವವರು ಎಲ್ಲ ಊರಲ್ಲೂ ಇದ್ದಾರೆ. ಹೊಂಡ ಇದ್ದೇ ಇರುತ್ತದೆಂದು ನಂಬಿ ದೇವಿಮನೆ ಘಟ್ಟ ಇಳಿಸುವವರು ಇಲ್ಲಿ ಮಾತ್ರ ಸಿಗುತ್ತಾರೆ.

ನಿಜವಾದ ಪೇಚು ಅಡುಗೆಮನೆಯಲ್ಲಿ. ತೂಕವಿಲ್ಲದ ಕಡೆ ಬಿಸಿಗಾಳಿ ಮೇಲೇರುವುದಿಲ್ಲ, ಅಲ್ಲಿ ಮೇಲೆ ಎಂಬುದೇ ಇಲ್ಲ. ಉರಿ ನಾಲಗೆ ಚಾಚದೆ ನೀಲಿ ಉಂಡೆಯಾಗಿ ನಿಲ್ಲುತ್ತದೆ. ಒಗ್ಗರಣೆಗೆ ಸಾಸಿವೆ ಹಾಕಿದಿರೋ, ಚಟ್ ಎಂದು ಹಾರಿದ ಕಾಳು ಸೌಟಿಗೆ ವಾಪಸು ಬೀಳುವುದಿಲ್ಲ. ನೆಟ್ಟಗೆ ಹೋಗಿ ಗಾಳಿ ಸೋಸುವ ಯಂತ್ರದ ಜಾಲರಿಗೆ ಕಚ್ಚಿಕೊಳ್ಳುತ್ತದೆ, ಇಲ್ಲವೇ ಎದುರಿದ್ದವರ ಕಣ್ಣಿಗೆ. ಬಿಸಿ ಎಣ್ಣೆಯ ಹನಿಗಳೂ ಹಿಂದೆಯೇ ತೇಲಿ ಬರುತ್ತವೆ. ಹಾಗಾಗಿ ಬೆಳಕಿನ ಹತ್ತನೇ ಒಂದು ಪಾಲು ವೇಗದಲ್ಲಿ ಪ್ರಾಕ್ಸಿಮಾ ಮುಟ್ಟುವವರೆಗಿನ 42 ವರ್ಷ ಒಗ್ಗರಣೆಯಿಲ್ಲದ ತಂಬುಳಿ. ಪುಡಿ ಉದುರುವ ತಿಂಡಿಗೂ ಜಾಗವಿಲ್ಲ. ಗಗನಯಾತ್ರಿಗಳು ಬ್ರೆಡ್ ಬಿಟ್ಟು ಮೆಕ್ಸಿಕೋದ ಟೋರ್ಟಿಯಾ ಹಿಡಿದದ್ದು ಇದೇ ಕಾರಣಕ್ಕೆ. ಹಲಸಿನ ಹಪ್ಪಳ ಔಟ್, ತೊಡದೇವು ಔಟ್, ನೀರ್ದೋಸೆ ಪಾಸ್. ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ಕಡ್ಡಾಯ. ಮೈಯ ದ್ರವವೆಲ್ಲ ತಲೆಗೇರಿ ಮೂಗು ಕಟ್ಟುವುದರಿಂದ ಅಲ್ಲಿ ಯಾವುದಕ್ಕೂ ರುಚಿ ಹತ್ತದು, ಖಾರದ ಸಾಸಿಗೆ ಗಗನಯಾತ್ರಿಗಳು ಮುಗಿಬೀಳುತ್ತಾರೆ. ಉಪ್ಪು ಸರಿಯಾಗಿ ಹಿಡಿದ ಮಿಡಿ ವರ್ಷಗಟ್ಟಲೆ ಕೆಡುವುದಿಲ್ಲ, ಯಾರಾದರೂ ಹಸಿ ಕೈ ಹಾಕುವವರೆಗೆ.

ಶಿರಸಿ ಕಡೆಯವರು ಹೊರಟಮೇಲೆ ಎಲೆಅಡಿಕೆಯ ಪ್ರಶ್ನೆಯೂ ಬಂದೇ ಬರುತ್ತದೆ.

“ಭಾವ, ಕವಳ ಹಾಕ್ಲಕ್ಕ?”

“ಹಾಕ್ಲಕ್ಕು ಭಾವ, ಉಗಿಯಲಾಗ.”

ಉಗಿದರೆ ಕೆಂಪು ಗೋಲಿಗಳು ನೌಕೆ ತುಂಬ ತೇಲುತ್ತವೆ. ಹೀರುವ ಕೊಳವೆಗೆ ಉಗಿಯಬಹುದಲ್ಲ ಎಂದರೆ ಅದರಲ್ಲೂ ಒಂದು ತೊಡಕು. ಬಾಹ್ಯಾಕಾಶ ನಿಲ್ದಾಣದಲ್ಲಿ ಮೂತ್ರ, ಬೆವರು, ಉಸಿರಿನ ತೇವವನ್ನೆಲ್ಲ ಸೋಸಿ ಶೇ. 98ರಷ್ಟು ನೀರನ್ನು ಮರಳಿ ಕುಡಿಯಲು ಕೊಡುತ್ತಾರೆ. ನಕ್ಷತ್ರಕ್ಕೆ ಹೋಗುವವರಿಗೆ ಅಷ್ಟು ಸೋಸಿದರೂ ಸಾಲದು. ಅಂದರೆ ಒಬ್ಬ ಭಾವನ ಇವತ್ತಿನ ಉಗುಳು ಇನ್ನೊಬ್ಬ ಭಾವನ ನಾಳಿನ ಚಹಾ.

ಕಾಯಿಲೆಯ ವಿಷಯದಲ್ಲಿ ನಮ್ಮವರ ತರಬೇತಿಗೆ ಸಾಟಿಯಿಲ್ಲ. ನಿಲ್ದಾಣ ಇರುವುದು ನೆಲದಿಂದ 400 ಕಿ.ಮೀ. ಎತ್ತರದಲ್ಲಿ. ಅದರಿಂದ ರಷ್ಯಾದ ಸೋಯುಜ್ ನೌಕೆ ಕಳಚಿಕೊಂಡು ಕಜಕಸ್ತಾನದಲ್ಲಿ ಇಳಿಯಲು ಸಾಮಾನ್ಯವಾಗಿ ಮೂರೂವರೆ ತಾಸು. ಕಾರವಾರದಲ್ಲಿ ತಲೆಗೆ ಪೆಟ್ಟು ಬಿದ್ದವರನ್ನು ಹತ್ತಿಸಿಕೊಂಡ ಆಂಬುಲೆನ್ಸ್ ಮೂರೂವರೆ ತಾಸಿನಲ್ಲಿ ಮಂಗಳೂರು ಮುಟ್ಟಿದರೆ ಚಾಲಕನಿಗೆ ಶಾಲು ಹೊದೆಸಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಭರವಸೆ ಪ್ರತಿ ಚುನಾವಣೆಗೂ ಧೂಮಕೇತುವಿನಂತೆ ಹತ್ತಿರ ಬಂದು ಬಾಲ ತೋರಿಸಿ ಹೋಗುತ್ತದೆ.

ಸಂಪರ್ಕವೂ ಅಭ್ಯಾಸವಾಗಿದೆ. ವಾಯೇಜರಿನ ಟ್ರಾನ್ಸ್‌ಮಿಟರ್ ಸುಮಾರು 22 ವಾಟ್, ಹಳೇ ಬಚ್ಚಲುಮನೆ ಬಲ್ಬಿಗಿಂತ ಮಂಕು. 2023ರ ನವೆಂಬರಿನಲ್ಲಿ ಅದರ ಒಂದು ಮೆಮೊರಿ ಚಿಪ್ ಕೆಟ್ಟು ಅದು ಬಡಬಡಿಸತೊಡಗಿತು. ಒಂದು ಆದೇಶ ಹೋಗಿ ಉತ್ತರ ಬರಲು 45 ತಾಸು. ಆದರೂ ಕೆಟ್ಟ ಜಾಗದಲ್ಲಿದ್ದ ಕೋಡನ್ನು ತುಂಡು ಮಾಡಿ, ಮೆಮೊರಿಯಲ್ಲಿ ಸಂದಿ ಸಿಕ್ಕಲ್ಲೆಲ್ಲ ತುರುಕಿ, 2024ರ ಏಪ್ರಿಲಿಗೆ 2,400 ಕೋಟಿ ಕಿ.ಮೀ. ಆಚೆ ಅದು ಮತ್ತೆ ನೆಟ್ಟಗೆ ಮಾತಾಡುವಂತೆ ಮಾಡಿದರು. ಜೋಯಿಡಾದ ಗುಡ್ಡ ಹತ್ತಿ, ಕೈ ಎತ್ತಿ ಫೋನ್ ಹಿಡಿದವರಿಗೆ ಇದನ್ನು ಹೇಳಬೇಡಿ, ಬೇಜಾರಾದಾರು.

ವಾಯೇಜರ್ ಹೊತ್ತ ಚಿನ್ನದ ಲೇಪದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯವಿದೆ, ಕನ್ನಡದ್ದೂ ಒಂದು. ಅದನ್ನು ಕೇಳಿಸಿಕೊಂಡು ಯಾರಾದರೂ ಕನ್ನಡಿಗರನ್ನು ಹುಡುಕುತ್ತ ಬಂದರೆ ಮಳೆಗಾಲ ಕಳೆದ ಮೇಲೆ ಬರಲಿ. ಹುಬ್ಬಳ್ಳಿಯಲ್ಲಿ ಇಳಿದವರು ಅರಬೈಲ್ ಘಟ್ಟ ಹಿಡಿಯಲಿ. ಅಂಕೋಲೆಗೆ ರೈಲಿನಲ್ಲೇ ಬರುತ್ತೇವೆ ಎಂದರೆ, ಅವರ ಲೋಕದಲ್ಲಿ ಆಯುಷ್ಯ ಎಷ್ಟು ಎಂದು ಕೇಳಿಕೊಂಡು ಟಿಕೆಟ್ ಕೊಡುವುದು ವಾಸಿ.