ಆ ಸ್ನಾನ ಕಡ್ಡಾಯ, ಈ ಸ್ನಾನ ಅಪರಾಧ

1492ರಲ್ಲಿ ಮುಸ್ಲಿಂ ದೊರೆಗಳು ಆಳುತ್ತಿದ್ದ ಗ್ರನಾಡಾ ರಾಜ್ಯ ಸ್ಪೇನಿನ ಕ್ರೈಸ್ತ ದೊರೆಗಳ ಕೈಗೆ ಬಂತು. ಮುಸ್ಲಿಮರ ಧರ್ಮದ ತಂಟೆಗೆ ಬರುವುದಿಲ್ಲ ಅಂತ ಕರಾರುಪತ್ರವೂ ಆಯಿತು. ಹತ್ತು ವರ್ಷ ತುಂಬುವುದರೊಳಗೆ ಹಿಡಿದು ಹಿಡಿದು ಜ್ಞಾನಸ್ನಾನ ಮಾಡಿಸಿದರು. ಸರಿ, ಈಗ ಎಲ್ಲರೂ ಕ್ರೈಸ್ತರೇ ಅಲ್ವಾ? ಚರ್ಚಿನ ಪುಸ್ತಕದಲ್ಲಿ ಹೌದು. ಕಂದಾಯದ ಪುಸ್ತಕದಲ್ಲಿ ಅವರು 'ಹೊಸ ಕ್ರೈಸ್ತರು', ಮೊರಿಸ್ಕೋಗಳು. ಮೊಮ್ಮಕ್ಕಳ ಕಾಲಕ್ಕೂ ಹೊಸಬರೇ.

ಅವರಿಗೆಂದೇ 'ಫಾರ್ದಾ' ಅಂತ ಒಂದು ತೆರಿಗೆ. ಉತ್ತರ ಆಫ್ರಿಕಾದಿಂದ ಬರುವ ಕಡಲುಗಳ್ಳರಿಂದ ಕರಾವಳಿ ಕಾಯುವ ಖರ್ಚಿಗೆ. ಕರಾವಳಿ ಊರಿಗೆಲ್ಲ ಸೇರಿದ್ದು, ಭಾರ ಮಾತ್ರ ಇವರ ತಲೆಗೆ. ನಿಮ್ಮ ಮೇಲೆ ನಮಗೆ ನಂಬಿಕೆಯಿಲ್ಲ, ಆದ್ದರಿಂದ ಕಾವಲುಗಾರನ ಸಂಬಳ ನೀವೇ ಕೊಡಿ ಅನ್ನುವ ಲೆಕ್ಕ.

1526ರಲ್ಲಿ ಐದನೇ ಚಾರ್ಲ್ಸ್ ಚಕ್ರವರ್ತಿ ಗ್ರನಾಡಾಕ್ಕೆ ಬಂದ. ಅರಬ್ಬಿ ಮಾತು ಬೇಡ, ಆ ಉಡುಪು ಬೇಡ, ಹಮಾಮಿನ, ಅಂದರೆ ಊರ ಸ್ನಾನಗೃಹದ, ಸ್ನಾನ ಬೇಡ ಅಂತ ಆಜ್ಞೆಗಳ ಪಟ್ಟಿ ಹೊರಟಿತು. ಮೊರಿಸ್ಕೋಗಳು 80–90 ಸಾವಿರ ಡುಕಾಟ್ (ಚಿನ್ನದ ನಾಣ್ಯ) ಒಪ್ಪಿಸಿದರು. ಪಟ್ಟಿ 40 ವರ್ಷ ಪೆಟ್ಟಿಗೆ ಸೇರಿತು. ಕಾನೂನು ಜಾರಿ ಮಾಡುವುದಕ್ಕಿಂತ ಮಾಡದೆ ಇರುವುದರಲ್ಲೇ ಜಾಸ್ತಿ ಗಿಟ್ಟುತ್ತದೆ ಎಂದು ಕಂಡುಕೊಂಡ ಆಡಳಿತವಿದು. ಗ್ರನಾಡಾದ ಹಳೆಯ ಮುಸ್ಲಿಂ ದೊರೆಗಳ ಕೋಟೆ-ಅರಮನೆ ಅಲ್ಹಂಬ್ರಾದ ಒಳಗೇ ಚಕ್ರವರ್ತಿಗೆ ಒಂದು ಹೊಸ ಅರಮನೆಯೂ ಏಳತೊಡಗಿತು, ಇವರ ದುಡ್ಡಿನಲ್ಲೇ. ಸ್ಪೇನಿನ ಪೂರ್ವ ಕರಾವಳಿಯ ವೆಲೆನ್ಸಿಯಾದ ಮೊರಿಸ್ಕೋಗಳದ್ದು ಇನ್ನೂ ಚೆಂದ. ಆಸ್ತಿ ಜಪ್ತಿ ಮಾಡಬೇಡಿ ಅಂತ 1571ರಿಂದ ಧರ್ಮ ತಪ್ಪಿದವರನ್ನು ಹಿಡಿದು ಶಿಕ್ಷಿಸುವ ಧರ್ಮವಿಚಾರಣೆಯ ನ್ಯಾಯಾಲಯಕ್ಕೇ (ಇನ್‌ಕ್ವಿಸಿಷನ್) ವರ್ಷಕ್ಕೆ 2,500 ಡುಕಾಟ್ ಕಟ್ಟಿದರು. ತಮ್ಮನ್ನು ಹಿಡಿಯುವವರಿಗೆ ವಾರ್ಷಿಕ ಚಂದಾ!

40 ವರ್ಷ ಮುಗಿಯಿತು. 1567ರಲ್ಲಿ ಮಗ ಎರಡನೇ ಫಿಲಿಪ್ ಪೆಟ್ಟಿಗೆ ತೆಗೆದ. ಹಮಾಮು ಬಂದ್. ಶುಕ್ರವಾರ ಮನೆ ಬಾಗಿಲು ತೆರೆದೇ ಇರಬೇಕು. ಒಳಗೆ ಯಾರಾದರೂ ಬೋಗುಣಿ ಹಿಡಿದು ಕೈಕಾಲು ತೊಳೆಯುತ್ತಿದ್ದರೆ ನಮಾಜಿಗೆ ಸಿದ್ಧತೆ ಅಂತ ಗ್ರಹಚಾರ ಕೆಟ್ಟಿತು. ಜ್ಞಾನಸ್ನಾನವಾದ ಮೇಲೆ ಬೇರೆ ಸ್ನಾನ ಯಾಕೆ? ಫ್ರಾನ್ಸಿಸ್ಕೋ ನೂನೆಸ್ ಮುಲೇ ಎಂಬ ಮೊರಿಸ್ಕೋ ಮುದುಕ ಅರ್ಜಿ ಬರೆದ: ಹಮಾಮು ಇರುವುದು ಕೊಳೆ ತೊಳೆಯಲು, ಅರಬ್ಬಿ ಮಾತಾಡುವ ಕ್ರೈಸ್ತರು ಸಿರಿಯಾ, ಈಜಿಪ್ಟಿನಲ್ಲೂ ಇದ್ದಾರೆ ಅಂತ. ಇಷ್ಟು ಸರಳವಾದ ಮಾತು ಯಾವ ಕಚೇರಿಗೆ ಅರ್ಥವಾಗುತ್ತದೆ ಹೇಳಿ.

1568ರ ಕ್ರಿಸ್ಮಸ್ ಹಿಂದಿನ ರಾತ್ರಿ ದಂಗೆ ಎದ್ದಿತು. ಅದನ್ನು ಅಡಗಿಸಿ ಮೊರಿಸ್ಕೋಗಳನ್ನು ಗ್ರನಾಡಾದಿಂದ ಚದುರಿಸಿದರು. 1609ರಿಂದ ಸುಮಾರು 3 ಲಕ್ಷ ಜನರನ್ನು ಸ್ಪೇನಿನಿಂದಲೇ ಹಡಗು ಹತ್ತಿಸಿದರು. ದುಡ್ಡು ಕೊಡುವವರೇ ಇಲ್ಲವಾದ ಮೇಲೆ ಅರಮನೆ ಕೆಲಸ ಕುಂಟಿತು, ಆಮೇಲೆ ನಿಂತೇಹೋಯಿತು. ಅದಕ್ಕೆ ಪೂರ್ತಿ ಸೂರು ಬಂದದ್ದು 20ನೇ ಶತಮಾನದಲ್ಲಿ. ಅಲ್ಲಿಯವರೆಗೆ ಮಳೆ ಬಂದಾಗಲೆಲ್ಲ ಚಕ್ರವರ್ತಿಯ ಅರಮನೆಗೆ ಪುಕ್ಕಟೆ ಸ್ನಾನ.