ಎಮ್ಮೆಗೊಂದು ರೇಡಾರ್

ವಿಮಾನ ನಿಲ್ದಾಣದ ಬೇಲಿ ಕಾಯುವ ಯಂತ್ರಗಳ ಮಾರುಕಟ್ಟೆ ಸಿಕ್ಕಾಪಟ್ಟೆ ಬೆಳೆಯುತ್ತಂತೆ. ಹಾಗಂತ ಹೇಳುವ ವರದಿಗಳೂ ಸಾವಿರಾರು ಡಾಲರಿಗೆ ಮಾರಾಟಕ್ಕಿವೆ. ಹೆದರಿಕೆಗೆ ಒಂದು ರೇಟು, ಹೆದರಿಕೆ ಎಷ್ಟು ಬೆಳೆಯುತ್ತೆ ಅನ್ನೋ ಲೆಕ್ಕಕ್ಕೆ ಇನ್ನೊಂದು ರೇಟು.

ನಮ್ಮ ವಿಜಯಪುರಕ್ಕೂ ಈ ಭಾಗ್ಯ ಬೇಡವೇ? ಬುರಣಾಪುರದ ವಿಮಾನ ನಿಲ್ದಾಣಕ್ಕೆ 2021ರಲ್ಲಿ ಅಡಿಗಲ್ಲು ಬಿತ್ತು. ಮೊದಲು ಎಟಿಆರ್ ಅನ್ನೋ ಸಣ್ಣ ವಿಮಾನ ಇಳಿದರೆ ಸಾಕು ಅಂದರು. ಆಮೇಲೆ ದೊಡ್ಡ ಏರ್‌ಬಸ್ಸೇ ಇಳಿಯಲಿ ಅಂದರು. ಅಷ್ಟರಲ್ಲಿ ಪರಿಸರ ಒಪ್ಪಿಗೆಯ ಕಡತ ಅಡ್ಡ ಬಂತು. ವರ್ಷಗಟ್ಟಲೆ ವಿಮಾನ ಕಾದವರಿಗೆ ಬೇಲಿ ಕಾಯೋದು ಯಾವ ದೊಡ್ಡ ಮಾತು?

ಯಂತ್ರ ಮಾರುವ ಟೈ ಸಾಹೇಬರು ಬಂದೇ ಬಿಟ್ಟರು ಅಂದುಕೊಳ್ಳಿ. ಮೊದಲು ಬೇಲಿಗೆ ಫೈಬರ್ ಕೇಬಲ್. ಬೇಲಿ ಅಲುಗಿದರೆ ಕೇಬಲಿನೊಳಗಿನ ಬೆಳಕು ವ್ಯತ್ಯಾಸವಾಗಿ ಕಂಟ್ರೋಲ್ ರೂಮಿನಲ್ಲಿ ಗಂಟೆ ಹೊಡೆಯುತ್ತೆ. ಸರಿ, ಆದರೆ ನಮ್ಮ ಕಡೆ ಗಾಳಿ ಎದ್ದರೆ ಮನೆ ಮೇಲಿನ ಪತ್ರಾಸೇ ಹಾರುತ್ತೆ. ಜಾಲಿ ಕೊಂಬೆ ರಾತ್ರಿಯೆಲ್ಲ ಬೇಲಿಗೆ ಉಜ್ಜುತ್ತೆ. ಕಾವಲುಗಾರ ಎರಡು ರಾತ್ರಿ ಓಡ್ತಾನೆ. ಮೂರನೇ ರಾತ್ರಿ ಸೌಂಡ್ ಕಡಿಮೆ ಮಾಡಿ ಚಹಾ ಕುಡೀತಾನೆ. ಇದಕ್ಕೂ ಸಾಹೇಬರ ಹತ್ತಿರ ಮದ್ದಿದೆ. ಯಾವ ಗಂಟೆ ಸುಳ್ಳು, ಯಾವುದು ನಿಜ ಅಂತ ಹೇಳುವ ಎಐ. ಅದಕ್ಕೆ ಬೇರೆ ಬಿಲ್ಲು.

ಮುಂದೆ ಥರ್ಮಲ್ ಕ್ಯಾಮೆರಾ. ಮೈಬಿಸಿ ನೋಡಿ ಮನುಷ್ಯನನ್ನು ಗುರುತಿಸುತ್ತೆ. ವಿಜಯಪುರದ ಮೇ ತಿಂಗಳಲ್ಲಿ ಕಲ್ಲಿನ ಬಿಸಿ, ಮನುಷ್ಯನ ಬಿಸಿ ಸರಿಸಮ ಆಗುವ ಹೊತ್ತು ಬಂದೇ ಬರುತ್ತೆ. ಆಗ ಕ್ಯಾಮೆರಾ ಕಣ್ಣಿಗೆ ಕಳ್ಳನೂ ಕಲ್ಲೇ. ಅದಕ್ಕೆ ರೇಡಾರ್ ಹಾಕಿಸಿ ಅಂತಾರೆ. (ಬಿಲ್ಲಿನ ಮಾತು ಕೇಳಬೇಡಿ.)

ಇಂಥದ್ದೆಲ್ಲ ಹಾಕಿಸಿಕೊಂಡ ಊರೊಂದರ ಕಥೆ ಕೇಳಿ. 2012ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಜೆಎಫ್‌ಕೆ ನಿಲ್ದಾಣದ ಪಕ್ಕದ ನೀರಲ್ಲಿ ಒಬ್ಬನ ಜೆಟ್ ಸ್ಕೀ ಕೆಟ್ಟು ನಿಂತಿತು. ಪುಣ್ಯಾತ್ಮ ಈಜಿ ದಡ ಸೇರಿದ. ಎಂಟಡಿ ಬೇಲಿ ಹತ್ತಿ ಇಳಿದ. ಎರಡು ರನ್‌ವೇ ದಾಟಿ, ತೊಟ್ಟಿಕ್ಕುವ ಬಟ್ಟೆಯಲ್ಲೇ ಟರ್ಮಿನಲ್ ಹತ್ತಿರ ಹೋಗಿ ತಾನೇ ಸಹಾಯ ಕೇಳಿದ. ಮೈಮೇಲೆ ಕಣ್ಣಿಗೆ ಹೊಡೆಯುವ ಹಳದಿ ಲೈಫ್ ಜಾಕೆಟ್ ಬೇರೆ. 10 ಕೋಟಿ ಡಾಲರಿನ ವ್ಯವಸ್ಥೆ ಕಮಕ್ ಕಿಮಕ್ ಅನ್ನಲಿಲ್ಲ.

ಬೇರೆ ಧಂದೆಯಲ್ಲಿ ಮಾಲು ಕೆಲಸ ಮಾಡದಿದ್ದರೆ ವಾಪಸ್ ಕೊಡ್ತೀವಿ. ಇಲ್ಲಿ ಇನ್ನೂ ದೊಡ್ಡದು ಕೊಳ್ತೀವಿ. ಬೇಲಿ ಹಾರಿದವನೇ ಈ ಮಾರುಕಟ್ಟೆಯ ಅನ್ನದಾತ.

ನಮ್ಮ ದೇಶದಲ್ಲಿ ಬೇಲಿ ಹಾರುವವರಿಗಿಂತ ನುಗ್ಗುವವರ ಚಿಂತೆ ಜಾಸ್ತಿ. 2014ರಲ್ಲಿ ಸೂರತ್‌ನಲ್ಲಿ ಹಾರಲು ಓಡುತ್ತಿದ್ದ ಬೋಯಿಂಗಿಗೆ ಎಮ್ಮೆ ಅಡ್ಡ ಬಂದು ಸತ್ತಿತು. ಮರುವರ್ಷ ಜಬಲ್ಪುರದಲ್ಲಿ ಕಾಡುಹಂದಿಗಳ ಸರದಿ. ಹಾಗಾಗಿ ಸಾಹೇಬರ ಭಾಷಣದ ಕೊನೆಗೆ ನಮ್ಮ ದನ ಕಾಯುವ ಅಜ್ಜ ಕೇಳೋದು ಇಷ್ಟೇ:

"ಸಾಹೇಬ್ರ, ಎಮ್ಮಿ ಒಳಗ ಬಂದ್ರ ಇದು ಏನ್ ಮಾಡ್ತದ್ರೀ?"

"ಸ್ಕ್ರೀನ್ ಮೇಲೆ ಎಮ್ಮೆ ಅಂತ ತೋರಿಸುತ್ತೆ."

"ಹೊಡಕೊಂಡ್ ಹೋಗಾವ್ರು ಯಾರ್ರೀ?"

"ಅದು ನಮ್ಮ ಟೆಂಡರಲ್ಲಿ ಬರಲ್ಲ ಯಜಮಾನ್ರೇ, ಅದಕ್ಕೆ ಬೇರೆ ಕರೀಬೇಕು."