ಫ್ರಿಜ್ ಮೇಲಿನ ಪಂಚಾಂಗ

ನಮ್ ಮನೇಲಿ ಎರಡು ಪಂಚಾಂಗ ಇವೆ. ಒಂದು ದೇವರ ಗೂಡಲ್ಲಿರೋ ಒಂಟಿಕೊಪ್ಪಲ್ ಪಂಚಾಂಗ, ಯುಗಾದಿ ಹತ್ರ ಬಂತು ಅಂದ್ರೆ ಅಮ್ಮ ಹಾಲು ಮರೆತ್ರೂ ಅದನ್ನ ತರ್ಸೋದು ಮರೆಯಲ್ಲ, ಅರಿಶಿನದ ಕೈಲಿ ಮುಟ್ಟಿ ಮುಟ್ಟಿ ಅದರ ಅಂಚೆಲ್ಲಾ ಹಳದಿ ಆಗಿದೆ. ಇನ್ನೊಂದು ಫ್ರಿಜ್ ಬಾಗಿಲ ಮೇಲೆ ತಿರುಪತಿ ತಿಮ್ಮಪ್ಪನ ಮ್ಯಾಗ್ನೆಟ್ ಕೆಳಗೆ ಸಿಕ್ಕಾಕೊಂಡಿರೋ ಹಾಳೆ, ನನ್ ಹೆಂಡ್ತಿಯ ಡ್ಯೂಟಿ ಲಿಸ್ಟ್. ಅವಳು ಓಬಿಜಿ ಪಿಜಿ, ಅಂದ್ರೆ ಹೆರಿಗೆ ಮತ್ತೆ ಸ್ತ್ರೀರೋಗದಲ್ಲಿ ಎಂಎಸ್ ಮಾಡ್ತಿರೋಳು, ಮೂರು ವರ್ಷದ ಕೋರ್ಸು. "ಡಾಕ್ಟ್ರೇ ಆದ್ಮೇಲೆ, ಎರಡು ಮಕ್ಕಳೂ ಆದ್ಮೇಲೆ, ಇನ್ನೂ ಏನ್ ಓದೋದು" ಅಂತ ಮದ್ವೆ ಮನೇಲಿ ಸಿಕ್ಕ ನೆಂಟ್ರೆಲ್ಲ ಕೇಳ್ತಾರೆ, ನಾನು ಉತ್ತರ ಹೇಳೋಷ್ಟ್ರಲ್ಲಿ ಅವರು ಊಟದ ಪಂಕ್ತೀಲಿ ಜಾಗ ಹಿಡಿಯೋಕೆ ಹೋಗಿರ್ತಾರೆ.

ಎರಡರಲ್ಲಿ ಯಾವುದಕ್ಕೆ ಪವರ್ ಜಾಸ್ತಿ ಅಂತ ಕೇಳಿದ್ರೆ, ಹಬ್ಬ ಯಾವತ್ತು ಅಂತ ಅಮ್ಮನ ಪಂಚಾಂಗ ಹೇಳುತ್ತೆ, ಆ ಹಬ್ಬ ನಮ್ ಮನೇಲಿ ಯಾವತ್ತು ಅಂತ ಫ್ರಿಜ್ ಹೇಳುತ್ತೆ. ಹೋದ ಸಲ ಗಣೇಶನ ಹಬ್ಬ ಸರಿಯಾಗಿ ಹೆಂಡ್ತಿಯ ಅಡ್ಮಿಷನ್ ಡೇ ದಿನಾನೇ ಬಂತು, ಅಂದ್ರೆ ಹೊಸ ಪೇಷಂಟುಗಳನ್ನ ಅವಳ ಯೂನಿಟ್ ಸೇರಿಸ್ಕೊಳ್ಳೋ ದಿನ. ಅಮ್ಮ ಮೊದಲು ಮುಖ ಊದಿಸ್ಕೊಂಡ್ರು, ಆಮೇಲೆ ಅವರೇ ಯಾರಿಗೋ ಫೋನ್ ಮಾಡಿ, ಅನಂತನ ಚತುರ್ದಶಿವರೆಗೂ ಯಾವತ್ತು ಬೇಕಾದ್ರೂ ತರಬಹುದಂತೆ ಅಂತ ಶಾಸ್ತ್ರದಲ್ಲೇ ಒಂದು ಸಂದು ಹುಡ್ಕಿ, ಮೂರನೇ ದಿನ ಗಣಪನ್ನ ತರಿಸಿದ್ರು. ಅಷ್ಟೊತ್ತಿಗೆ ಅಂಗಡೀಲಿ ಮಿಕ್ಕಿದ್ದು ಸೊಂಡಿಲು ಸ್ವಲ್ಪ ಚಕ್ಕೆ ಎದ್ದಿರೋ ಗಣಪ ಒಂದೇ, ಅರ್ಧ ರೇಟಿಗೆ ಸಿಕ್ತು, ನಮ್ ಪುಟ್ಟಿ ಅದಕ್ಕೆ ಬ್ಯಾಂಡೇಡ್ ಹಾಕಿದ್ಲು.

ಪುಟ್ಟಿಗೆ ಐದು ವರ್ಷ, ಯುಕೆಜಿ. ಅವಳಿಗೆ ವಾರದ ಹೆಸರುಗಳು ಬಂದಿದ್ದು ಈ ಫ್ರಿಜ್ ಪಂಚಾಂಗದಿಂದಾನೇ. ಸೋಮವಾರ ಗುರುವಾರ ಹೆಂಡ್ತಿ ಯೂನಿಟ್‌ಗೆ ಓಪಿಡಿ, ಅಂದ್ರೆ ಹೊರರೋಗಿಗಳನ್ನ ನೋಡೋ ದಿನ, ಅವತ್ತೇ ಅಡ್ಮಿಷನ್ ಡೇ, ಅಂದ್ರೆ ಬೆಳಿಗ್ಗೆ ಹೋದೋಳು ಆ ರಾತ್ರಿ ಬರಲ್ಲ. ಮಾರನೇ ದಿನ ಪೋಸ್ಟ್ ಅಡ್ಮಿಷನ್, ಅಂದ್ರೆ ಮಧ್ಯಾಹ್ನಕ್ಕೋ ಸಂಜೆಗೋ ಬರ್ತಾಳೆ ಆದ್ರೆ ಬಂದಿದಾಳೆ ಅಂತ ಲೆಕ್ಕ ಇಲ್ಲ, ಯಾಕಂದ್ರೆ ಬಂದವಳೇ ಮಂಚದ ಮೇಲೆ ಅಡ್ಡಡ್ಡ ಬಿದ್ದಿರ್ತಾಳೆ. ಬುಧವಾರ ಶನಿವಾರ ಓಟಿ, ಅಂದ್ರೆ ಆಪರೇಷನ್ ದಿನ. ಸ್ಕೂಲಲ್ಲಿ ಮಿಸ್ಸು ಸೋಮವಾರ ಆದ್ಮೇಲೆ ಯಾವ ವಾರ ಅಂತ ಕೇಳಿದ್ದಕ್ಕೆ ಇವಳು ಎದ್ದು ನಿಂತು "ಪೋಸ್ಟ್ ಅಡ್ಮಿಷನ್" ಅಂದಿದಾಳೆ. ಡೈರೀಲಿ ಬರೆದು ಕಳಿಸಿದ್ರು, ವಾರಗಳನ್ನ ಮನೇಲಿ ಪ್ರಾಕ್ಟೀಸ್ ಮಾಡಿಸಿ ಅಂತ. ಅಯ್ಯೋ, ಮನೇಲಿ ಪ್ರಾಕ್ಟೀಸ್ ಮಾಡಿಸಿದ್ದಕ್ಕೇ ಹಂಗೆ ಆಗಿದ್ದು ಅಂತ ನಾನು ಬರೀಲಿಲ್ಲ, ಸಹಿ ಹಾಕಿ ಕಳಿಸಿದೆ.

ಅಮ್ಮನಿಗೂ ಈ ಡ್ಯೂಟಿ ಲಿಸ್ಟಿಗೂ ಮೊದಲ ಜಗಳ ರಾಹುಕಾಲದ ಮೇಲೆ. ಸೋಮವಾರ ಏಳೂವರೆಯಿಂದ ಒಂಭತ್ತು ರಾಹುಕಾಲ, ಸೊಸೆ ಹೊರಡೋದೂ ಏಳೂವರೆಗೆ. ಎರಡು ವಾರ ಸಹಿಸಿಕೊಂಡ್ರು, ಮೂರನೇ ವಾರ ಬಾಗಿಲಿಗೆ ಅಡ್ಡ ನಿಂತ್ರು. ಆದ್ರೆ ಹೊಸ ಪಿಜಿಗಳು ರೌಂಡ್ಸಿಗೆ ಮುಂಚೆ ಎಲ್ಲರ ಬಿಪಿ ನೋಡಿ, ಕೇಸ್ ಶೀಟ್ ಬರೆದು ರೆಡಿ ಇರ್ಬೇಕಲ್ಲ, ಹಂಗಾಗಿ ಫಸ್ಟ್ ಇಯರಲ್ಲಿ ಅವಳು ಬರ್ತಾ ಬರ್ತಾ ಏಳಕ್ಕೆ, ಆರೂ ಮುಕ್ಕಾಲಿಗೆ, ಆಮೇಲೆ ಆರೂವರೆಗೇ ಹೊರಡೋಕೆ ಶುರು ಮಾಡಿದ್ಲು. ಅಮ್ಮನಿಗೆ ಖುಷಿಯೋ ಖುಷಿ. ಸೊಸೆ ತಮ್ಮ ಮಾತು ಕೇಳಿ ರಾಹುಕಾಲ ತಪ್ಪಿಸ್ತಿದಾಳೆ ಅಂತ ಈಗಲೂ ನಂಬಿದಾರೆ, ನಾವ್ಯಾರೂ ತಿದ್ದೋಕೆ ಹೋಗಿಲ್ಲ.

ಆಮೇಲೆ ಶುರುವಾಗಿದ್ದು ನಕ್ಷತ್ರ. ಸೊಸೆ ಮನೆಗೆ ಬಂದು ಚಪ್ಪಲಿ ಬಿಡೋಷ್ಟ್ರಲ್ಲಿ ಅಮ್ಮ ಕೇಳೋರು, ರಾತ್ರಿ ಎಷ್ಟು ಹೆರಿಗೆ, ಎಷ್ಟೊತ್ತಿಗೆ. ಇವಳು ಕಣ್ಣು ಮುಚ್ಕೊಂಡೇ ಹನ್ನೊಂದು ನಲ್ವತ್ತು, ಒಂದು ಐದು, ಮೂರು ಹತ್ತು ಅಂತ ಹೇಳೋಳು. ಅಮ್ಮ ಕನ್ನಡಕ ಏರಿಸ್ಕೊಂಡು ಪಂಚಾಂಗ ತೆಗೆದು, ಯಾರೋ ಎಲ್ಲೋ ಹೆತ್ತ ಮಗುವಿಗೆ, ಆ ತಾಯಿಗೆ ಇನ್ನೂ ಸರಿಯಾಗಿ ಎಚ್ಚರ ಆಗೋ ಮುಂಚೆನೇ, ರೋಹಿಣಿ ಎರಡನೇ ಪಾದ, ವಾ ಅಕ್ಷರ ಬರುತ್ತೆ, ವಾಸುದೇವ ಅಂತ ಇಡಬಹುದು ಅಂತ ಹೆಸರೂ ಇಟ್ಟುಬಿಡೋರು. ಹಿಂಗೆ ನೋಡ್ತಾ ನೋಡ್ತಾ ಅವರಿಗೇ ಒಂದು ವಿಷಯ ಹೊಳೀತು, ಒಂದು ಡ್ಯೂಟೀಲಿ ಹುಟ್ಟಿದ ಮಕ್ಕಳೆಲ್ಲ ಹೆಚ್ಚುಕಮ್ಮಿ ಒಂದೇ ನಕ್ಷತ್ರ. ನಾನೂ ಲೆಕ್ಕ ಹಾಕಿ ನೋಡಿದೆ, ಹೌದಲ್ಲ, ಚಂದ್ರ 27 ನಕ್ಷತ್ರ ಸುತ್ತೋಕೆ 27 ದಿನದ ಮೇಲೆ ಒಂದಿಷ್ಟು ಗಂಟೆ ತಗೋತಾನೆ, ಅಂದ್ರೆ ಒಂದೊಂದು ನಕ್ಷತ್ರದಲ್ಲಿ ಅವನದ್ದೂ 24 ಗಂಟೆ ಚಿಲ್ರೆ ಡ್ಯೂಟಿ. ಅಲ್ಲಿಂದ ಅಮ್ಮ ಸೊಸೆ ಡ್ಯೂಟಿನ ನಕ್ಷತ್ರದ ಲೆಕ್ಕದಲ್ಲೇ ಹೇಳ್ತಾರೆ. "ನಿನ್ ಹೆಂಡ್ತಿ ರೋಹಿಣೀಲಿ ಹೋದೋಳು ಮೃಗಶಿರ ಅರ್ಧ ಆದ್ರೂ ಬರ್ಲಿಲ್ವಲ್ಲೋ" ಅಂತ ಒಂದಿನ ಗೇಟ್ ಹತ್ರ ನಿಂತು ಕೇಳಿದ್ರು. ಪಕ್ಕದ ಮನೆಯೋರು ಯಾವುದೋ ಅಂತರಿಕ್ಷಯಾನ ಅನ್ಕೊಂಡ್ರೋ ಏನೋ.

ಈ ಪಿಜಿಗಳನ್ನ ರೆಸಿಡೆಂಟ್ ಡಾಕ್ಟರ್ ಅಂತ ಯಾಕೆ ಕರೀತಾರೆ ಅಂತ ಒಂದಿನ ನನಗೇ ಕುತೂಹಲ ಆಯ್ತು, ರೆಸಿಡೆನ್ಸ್ ಮಾತ್ರ ನಮ್ಮಲ್ಲಿ, ಮನುಷ್ಯ ಮಾತ್ರ ಅಲ್ಲಿ. ಅಮೆರಿಕದ ಬಾಲ್ಟಿಮೋರಲ್ಲಿ 1889ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಶುರುವಾದಾಗ ಅಲ್ಲಿ ವಿಲಿಯಂ ಆಸ್ಲರ್, ಹಾಲ್‌ಸ್ಟೆಡ್ ಅನ್ನೋ ದೊಡ್ಡ ಡಾಕ್ಟ್ರುಗಳೆಲ್ಲ ಸೇರಿ ಮಾಡಿದ ಪದ್ಧತಿ ಇದು, ಕಲಿಯೋ ಡಾಕ್ಟ್ರುಗಳು ನಿಜವಾಗಲೂ ಆಸ್ಪತ್ರೆ ಒಳಗೇ ವಾಸ ಇರ್ತಿದ್ರು, ಮದುವೆ ಗಿದುವೆ ಸದ್ಯಕ್ಕೆ ಬೇಡ ಅನ್ನೋ ಲೆಕ್ಕ. ಅಂದ್ರೆ ರಾತ್ರಿ ಹತ್ತಕ್ಕೆ ಫೋನ್ ಮಾಡಿ "ಅಮ್ಮಾ ನನ್ ಬಿಳಿ ಸಾಕ್ಸ್ ಎಲ್ಲಿ" ಅಂತ ಕೇಳೋರು ಯಾರೂ ಇರಲ್ಲ ಅಂದ್ಕೊಂಡೇ ಆ ಪಟ್ಟಿ ಬರೆದಿದ್ದು. ಕನ್ನಡದಲ್ಲಿ ರೆಸಿಡೆಂಟ್ ಅಂದ್ರೆ ವಾಸಿ. ಬೆಂಗಳೂರು ವಾಸಿ, ಮೈಸೂರು ವಾಸಿ ಅಂದಂಗೆ ಆಸ್ಪತ್ರೆ ವಾಸಿ. ಕಾಯಿಲೆ ಗುಣ ಆದ್ರೂ ವಾಸಿ ಅಂತೀವಿ. ಪೇಷಂಟುಗಳು ವಾಸಿ ಆಗಿ ಮನೆಗೆ ಬರ್ತಾರೆ, ಇವಳು ವಾಸಿ ಆಗಿ ಅಲ್ಲೇ ಇರ್ತಾಳೆ, ಇದಕ್ಕಿಂತ ಮಿಲಿಟರಿ ವಾಸಿ ಅಂತ ನಮ್ಮ ಮಾವ.

2023ರಲ್ಲಿ ನ್ಯಾಷನಲ್ ಮೆಡಿಕಲ್ ಕಮಿಷನ್‌ನೋರು ಹೊಸ ನಿಯಮ ಮಾಡಿದ್ರು, ಪಿಜಿಗಳಿಗೆ ಸಮಂಜಸವಾದ ಕೆಲಸದ ಅವಧಿ, ದಿನಕ್ಕೆ ಸಮಂಜಸವಾದ ವಿಶ್ರಾಂತಿ, ವರ್ಷಕ್ಕೆ 20 ದಿನ ಸಿಎಲ್, ವಾರಕ್ಕೊಂದು ರಜೆ, ಅದೂ ಕೆಲಸದ ಒತ್ತಡ ನೋಡ್ಕೊಂಡು. ಓದಿ ಹೇಳಿದೆ ಇವಳಿಗೆ. ಸಮಂಜಸ ಅಂದ್ರೆ ಎಷ್ಟು ಗಂಟೆ ಅಂತ ಕೇಳಿದ್ಲು, ನಾನು ಹುಡುಕ್ತಾ ಇದ್ದೆ, ತಲೆ ಎತ್ತಿ ನೋಡಿದ್ರೆ ಕೈಲಿ ಚಪಾತಿ ತುಂಡು ಹಂಗೇ ಹಿಡ್ಕೊಂಡು ನಿದ್ದೆ ಹೋಗಿದ್ಲು.

ಮನೇಲಿ ಇಲ್ದಿದ್ರೂ ಅವಳ ಕಲಿಕೆ ಎಲ್ಲಾ ಮನೇಲೇ ಹರಡಿದೆ, ಅದೊಂದು ವಿಚಿತ್ರ. ನಮ್ಮನೇಲಿ ಯಾವ ಡ್ರಾಯರ್ ಹಿಡಿಕೆ ನೋಡಿದ್ರೂ ಕಪ್ಪು ದಾರದ ಗಂಟು. ಸರ್ಜಿಕಲ್ ನಾಟ್ ಪ್ರಾಕ್ಟೀಸು, ಫೋನಲ್ಲಿ ಮಾತಾಡ್ತಾ ಒಂದೇ ಕೈಲಿ ಸರಸರ ಹಾಕ್ತಾಳೆ, ಎಡಗೈ ಬೆರಳಲ್ಲಿ ದಾರ ಹೆಂಗೆ ಹೊರಳುತ್ತೆ ಅಂತ ನಾನು ಎಷ್ಟು ಸಲ ನೋಡಿದ್ರೂ ಗೊತ್ತಾಗಿಲ್ಲ. ಕುರ್ಚಿ ಕೈ, ಗ್ಯಾಸ್ ಸಿಲಿಂಡರ್ ಹಿಡಿ, ಅಮ್ಮನ ಊರುಗೋಲು, ಏನೂ ಬಿಟ್ಟಿಲ್ಲ. ಸಿಲಿಂಡರ್ ಬದಲಾಯಿಸೋಕೆ ಬಂದ ಹುಡುಗ ಇದೇನ್ ಸಾರ್ ಹರಕೆನಾ ಅಂದ.

ಪುಟ್ಟಿ ಕೈ ತೊಳೆಯೋದು ನೋಡ್ಬೇಕು ನೀವು. ಬೇರೆ ಮಕ್ಕಳು ನಲ್ಲಿ ಕೆಳಗೆ ಬೆರಳು ತೋರಿಸಿ ಓಡಿದ್ರೆ ಇವಳು ಮೊಣಕೈವರೆಗೂ ಸೋಪು ಹಚ್ಚಿ, ಬೆರಳ ಸಂದಿ ಒಂದೊಂದೂ ಉಜ್ಜಿ, ಕೈ ಮೇಲೆತ್ತಿ ಹಿಡ್ಕೊಂಡು ನೀರು ಮೊಣಕೈಯಿಂದ ತೊಟ್ಟಿಕ್ಕೋ ಹಂಗೆ ನಿಂತು, ನಲ್ಲೀನ ಮೊಣಕೈಲೇ ನಿಲ್ಲಿಸಿ, ಬೆನ್ನಿಂದ ಬಾಗಿಲು ತಳ್ಕೊಂಡು ಊಟಕ್ಕೆ ಬರ್ತಾಳೆ. ಬಂದು ಕೂತ್ಮೇಲೆ ಏನೂ ಮುಟ್ಟಲ್ಲ, ಮುಟ್ಟಿದ್ರೆ ಸ್ಟೆರೈಲ್ ಹೋಗುತ್ತಂತೆ, ಹಂಗಾಗಿ ನಾನೇ ತಿನ್ನಿಸ್ಬೇಕು. ಅಷ್ಟು ತೊಳೆದಿದ್ದು ಯಾಕೆ ಅಂತ ಕೇಳ್ಬೇಡಿ.

ಆದ್ರೆ ಎಲ್ಲಕ್ಕಿಂತ ದೊಡ್ಡ ಕ್ಲಾಸು ನಡೆಯೋದು ಬಾತ್‌ರೂಮಲ್ಲಿ. ಪುಟ್ಟಿ ತಮ್ಮ, ಎರಡು ವರ್ಷದ ಗುಂಡನಿಗೆ ಆಗ ಪಾಟಿ ಟ್ರೇನಿಂಗ್ ನಡೀತಿತ್ತು, ನಾನು ಹಾಲಲ್ಲಿ ಆಫೀಸಿನ ವಿಡಿಯೋ ಕಾಲಲ್ಲಿ ಇದ್ದೆ, ಮ್ಯೂಟ್ ಮಾಡಿರ್ಲಿಲ್ಲ. ಒಳಗಿಂದ ಪುಟ್ಟಿ ಧ್ವನಿ, ಲೇಬರ್ ರೂಮಿನ ಸಿಸ್ಟರ್‌ಗೂ ಅಷ್ಟು ಗತ್ತು ಇರಲ್ಲ, "ಮುಕ್ಕಮ್ಮಾ ಮುಕ್ಕು! ಉಸಿರು ಬಿಡಬೇಡ, ಕಿರುಚಬೇಡ, ಕೆಳಗಡೆ ಜೋರು ಕೊಡು! ತಲೆ ಕಾಣ್ತಿದೆ!" ಗುಂಡ ಪಾಪ ಅಮ್ಮ ಅಂತ ಕರೆಸಿಕೊಂಡ್ರೂ ಬೇಜಾರಿಲ್ದೆ ಮುಕ್ಕಿದ. ಸಕ್ಸಸ್ ಆದ್ಮೇಲೆ ಚಪ್ಪಾಳೆ ತಟ್ಟಿ, ಟೈಮ್ ಎಷ್ಟು ಅಪ್ಪಾ ಅಂತ ಕೂಗಿದ್ಲು, ಬರ್ಕೋಬೇಕಂತೆ. ಕಾಲಲ್ಲಿದ್ದ ಒಂಭತ್ತು ಜನರಲ್ಲಿ ಕನ್ನಡ ಬರೋರು ನಾಲ್ಕು ಜನ, ಆ ನಾಲ್ಕೂ ಮುಖ ಒಟ್ಟಿಗೆ ಕ್ಯಾಮೆರಾ ಆಫ್ ಆಯ್ತು. ಟೈಮ್ ಹನ್ನೊಂದು ಇಪ್ಪತ್ತು. ನಕ್ಷತ್ರ ಅಮ್ಮ ನೋಡಿರ್ತಾರೆ.

ಅವಳು ತಾನಾಗೇ ಓದಿದ ಮೊದಲ ಕನ್ನಡ ಪದಾನೂ ಆಸ್ಪತ್ರೇದೇ. ಬಾಣಂತೀರನ್ನ ಮನೆಗೆ ಬಿಟ್ಟು ಬರೋ ಸರ್ಕಾರಿ ಗಾಡಿ ಇದೆಯಲ್ಲ, ನಗು-ಮಗು. ಸಿಗ್ನಲ್ಲಲ್ಲಿ ನಮ್ ಸ್ಕೂಟರ್ ಪಕ್ಕ ನಿಂತಿತ್ತು, ಇವಳು ಮುಂದೆ ನಿಂತ್ಕೊಂಡು ನ... ಗು... ಮ... ಗು... ಅಂತ ಒಂದೊಂದೇ ಅಕ್ಷರ ಜೋಡಿಸಿ ಓದಿಬಿಟ್ಲು. ಒತ್ತಕ್ಷರ ಇಲ್ಲ, ದೀರ್ಘ ಇಲ್ಲ, ಆ ಹೆಸರಿಟ್ಟೋರು ಪುಣ್ಯಾತ್ಮರು. ಒಳಗೆ ಕಿಟಕಿ ಪಕ್ಕ ಒಬ್ಬಳು ತಲೆಗೆ ಸ್ಕಾರ್ಫ್ ಬಿಗಿಯಾಗಿ ಕಟ್ಕೊಂಡು ಟವೆಲ್ ಗಂಟು ಹಿಡ್ಕೊಂಡು ಕೂತಿದ್ಲು. ಅದು ನಮ್ಮಮ್ಮನ ಪಾಪು ಅಂತ ಪುಟ್ಟಿ ಇಡೀ ಸಿಗ್ನಲ್ಲಿಗೆ ಕೇಳೋ ಹಂಗೆ ಕೂಗಿದ್ಲು. ಪಕ್ಕದ ಆಟೋದೋನು ನನ್ನ ನೋಡಿದ ನೋಟಕ್ಕೆ ನಾನು ಏನಂತ ಉತ್ತರ ಕೊಡ್ಲಿ.

ಹುಟ್ಟೋ ಮಕ್ಕಳೆಲ್ಲ ಅಮ್ಮಂದು, ಅಮ್ಮ ಯಾಕೋ ಒಂದನ್ನೂ ಮನೆಗೆ ತರಲ್ಲ, ಇದು ಅವಳ ತಿಳುವಳಿಕೆ. ಪಕ್ಕದ್ಮನೆ ಆಂಟಿ ಹೊಟ್ಟೇಲಿರೋದು ಹುಡುಗನಾ ಹುಡುಗೀನಾ ಅಂತ ಕೇಳಿದ್ದಕ್ಕೆ ಹೆಂಡ್ತಿ, ಹುಟ್ಟೋ ಮುಂಚೆ ನೋಡಿ ಹೇಳಿದ್ರೆ ಪೊಲೀಸ್ ಹಿಡ್ಕೊಂಡು ಹೋಗ್ತಾರೆ ಅಂದಿದ್ಲು. ಸುಳ್ಳೇನಲ್ಲ, 1994ರಿಂದ ಕಾಯ್ದೆ ಇದೆ, ಸ್ಕ್ಯಾನಿಂಗ್ ಸೆಂಟರುಗಳಲ್ಲಿ ಬೋರ್ಡೂ ಇರುತ್ತೆ. ಅವತ್ತಿಂದ ಪುಟ್ಟಿ ತನ್ನ ಟೆಡ್ಡಿ ಹುಡುಗನೋ ಹುಡುಗಿಯೋ ಅಂತ ಯಾರಿಗೂ ಹೇಳ್ತಿಲ್ಲ. ಹುಟ್ಟಿದ ಮೇಲೆ ಕೇಳಬಹುದಲ್ಲ, ಹಂಗಾಗಿ ದಿನಾ ಸಂಜೆ ಮೆಟ್ಟಿಲ ಮೇಲೆ ಚಾಕ್‌ಪೀಸ್ ಹಿಡ್ಕೊಂಡು ಕೂತಿರ್ತಾಳೆ, ಅಮ್ಮ ಬಂದ ತಕ್ಷಣ ಎಷ್ಟು ಪಾಪು, ಎಷ್ಟು ಹುಡುಗಿ ಎಷ್ಟು ಹುಡುಗ. ಹೇಳಿದ ಹಾಗೆ ವರಾಂಡದ ಗೋಡೆ ಮೇಲೆ ಗೀಟು. ಐದು ಆದ್ರೆ ಅಡ್ಡ ಗೀಟು, ಅದನ್ನ ಅವಳ ಅಜ್ಜಿ ಹಾಲಿನ ಲೆಕ್ಕದಿಂದ ಕಲಿಸಿದ್ದು.

ಒಂದು ಶುಕ್ರವಾರ ಹೆಂಡ್ತಿ ಬಂದೋಳು ಒಳಗೆ ಬರ್ಲಿಲ್ಲ. ಮೆಟ್ಟಿಲ ಮೇಲೇ ಕೂತು ಒಂದು ಶೂ ಬಿಚ್ಚಿದ್ಲು, ಇನ್ನೊಂದು ಬಿಚ್ಚಲಿಲ್ಲ. ಪುಟ್ಟಿ ಎಷ್ಟು ಪಾಪು ಅಂದ್ಲು. ಇವಳು ಗೋಡೆ ನೋಡ್ತಾ "ಇವತ್ತು ಲೆಕ್ಕ ಮಾಡ್ಲಿಲ್ಲ ಪುಟ್ಟಾ" ಅಂದ್ಲು. ನಾನು ಬಾಗಿಲಲ್ಲೇ ನಿಂತಿದ್ದೆ, ಕಾಫಿ ಲೋಟ ಹಿಡ್ಕೊಂಡು, ಕೊಡೋದೋ ಬೇಡವೋ ಗೊತ್ತಾಗಲಿಲ್ಲ. ಪುಟ್ಟಿ ಸ್ವಲ್ಪ ಹೊತ್ತು ಯೋಚನೆ ಮಾಡಿ, ಪರ್ವಾಗಿಲ್ಲ ನಾಳೆ ಸೇರಿಸಿ ಹೇಳು ಅಂತ ಚಾಕ್‌ಪೀಸ್ ಕಿವಿ ಮೇಲೆ ಸಿಗಿಸಿಕೊಂಡು, ತಾನು ಕಚ್ಚಿದ್ದ ಮಾರಿ ಬಿಸ್ಕೆಟ್ಟಿನ ಕಚ್ಚದೇ ಇರೋ ಕಡೆ ತಿರುಗಿಸಿ ಅಮ್ಮನ ಕೈಗೆ ಕೊಟ್ಲು. ಅವತ್ತು ಅಜ್ಜಿನೂ ಪಂಚಾಂಗ ತೆಗೀಲಿಲ್ಲ. ಗೋಡೆ ಮೇಲೆ ಆ ಶುಕ್ರವಾರದ ಜಾಗ ಇನ್ನೂ ಖಾಲಿ ಇದೆ, ಮಾರನೇ ದಿನ ಪುಟ್ಟಿ ಪಕ್ಕದಿಂದ ಗೀಟು ಶುರು ಮಾಡಿದ್ಲು.

ಈಗ ಥರ್ಡ್ ಇಯರ್. ಥೀಸಿಸ್ಸಿನ ಮಾಸ್ಟರ್ ಚಾರ್ಟ್ ಟೈಪ್ ಮಾಡಿದ್ದು ಯಾರು ಅಂತ ಹೇಳಿಕೊಳ್ಳೋಕೆ ಇಷ್ಟ ಇಲ್ಲ, ಎಕ್ಸೆಲ್ ಶೀಟಲ್ಲಿ ಹಿಮೋಗ್ಲೋಬಿನ್ ಕಾಲಂ ತುಂಬಿಸ್ತಾ ತುಂಬಿಸ್ತಾ ನಾನೂ ಅರ್ಧ ಗೈನಕಾಲಜಿಸ್ಟ್ ಆಗಿದೀನಿ.

ಹೋದ ಭಾನುವಾರ ಫ್ರಿಜ್ ಮೇಲೆ ಇನ್ನೊಂದು ಹಾಳೆ ಕಾಣಿಸ್ತು, ಡ್ಯೂಟಿ ಲಿಸ್ಟಿನ ಪಕ್ಕ, ತಿಮ್ಮಪ್ಪನ್ನ ಸ್ವಲ್ಪ ಆ ಕಡೆ ಸರಿಸಿ ಸಿಗಿಸಿರೋದು. ಕ್ರೇಯಾನಲ್ಲಿ ಗೆರೆ ಎಳೆದು ಪುಟ್ಟಿ ಮಾಡಿರೋ ಮನೆ ಡ್ಯೂಟಿ ಲಿಸ್ಟ್. ಅಕ್ಷರ ಅವಳದ್ದು, ಸ್ಪೆಲ್ಲಿಂಗ್ ಅಜ್ಜಿದು. ಅಜ್ಜಿಗೆ ಓಪಿಡಿ, ಅಂದ್ರೆ ಬಾಗಿಲಿಗೆ ಬರೋ ಹಾಲಿನೋನು ತರಕಾರಿಯೋನು ಎಲ್ಲರ ವಿಚಾರಣೆ. ಪುಟ್ಟಿ ಸ್ವತಃ ರೌಂಡ್ಸ್. ಅಮ್ಮನ ಹೆಸರಿನ ಮುಂದೆ ಭಾನುವಾರ ಒಂದೇ ಒಂದು ಕಡೆ, ಪೋಸ್ಟ್ ಡ್ಯೂಟಿ ಅಂತ ಬರೆದು ಮಲಗಿರೋ ಚಿತ್ರ, ಚಿತ್ರದಲ್ಲಿ ಅಮ್ಮನ ಕಾಲು ಪುಟ್ಟಿ ಮೇಲೆ ಬಿದ್ದಿದೆ. ಗುಂಡ ಏಳೂ ದಿನ ಪೇಷಂಟ್. ನನ್ನ ಹೆಸರು ಎಲ್ಲೂ ಕಾಣಲಿಲ್ಲ, ಬಚಾವಾದೆ ಅನ್ಕೊಂಡು ಬಗ್ಗಿ ನೋಡಿದ್ರೆ ಕೆಳಗಡೆ ಈ ತುದಿಯಿಂದ ಆ ತುದಿಗೆ ಕೆಂಪು ಕ್ರೇಯಾನಲ್ಲಿ ಒಂದೇ ಗೆರೆ, ಅದರ ಮೇಲೆ "ಆನ್ ಕಾಲ್ ಅಪ್ಪ".

"ನನಗೆ ವೀಕ್ಲಿ ಆಫ್ ಇಲ್ವಾ ಮೇಡಂ" ಅಂದೆ.

ರಜೆ ಬೇಕಂದ್ರೆ ಯಾರ ಹತ್ರ ಆದ್ರೂ ಡ್ಯೂಟಿ ಎಕ್ಸ್‌ಚೇಂಜ್ ಮಾಡ್ಕೋ, ಮಾಡ್ಕೊಂಡು ಬರೆದು ಕೊಡು ಅಂದ್ಲು. ಹೆಂಡ್ತಿ ಮಲಗಿದ್ಲು, ಅಮ್ಮ ಓಪಿಡೀಲಿ ತರಕಾರಿಯೋನ ಜೊತೆ ಬಿಜಿ. ಉಳಿದಿದ್ದು ಗುಂಡ. ಅವನನ್ನ ಕೇಳಿದೆ. ಅವನು ಪಾಟಿ ಮೇಲೆ ಕೂತಿದ್ದ, ಈಗ ಆಗಲ್ಲ ಅಂತ ತಲೆ ಆಡಿಸಿದ.